ಹಸಿ ಗಾರೆಯ ಮಾತು

ರೊಟ್ಟಿ ಹೆಂಚಿನಷ್ಟು ಅಗಲದ ಕರಿ ತಟ್ಟೆಯೊಂದನ್ನು ನಸೀಮಾ ನದಾಫ ಗೋಡೆಗೆ ಒತ್ತಿ ಹಿಡಿದಳು. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಮೇಜಿನ ಮೇಲಿದ್ದ ಪೆಟ್ಟಿಗೆಯೊಳಗಿಂದ ಯಾರೋ ಕೆಮ್ಮಿದರು. ಕೋಣೆಯಲ್ಲಿದ್ದವರು ಯಾರೂ ಕೆಮ್ಮಿರಲಿಲ್ಲ. ಆ ಕೆಮ್ಮು ಮೂವತ್ತು ವರ್ಷದ ಹಿಂದಿನದು.

ಬೆಂಚಿನ ಮೇಲೆ ಕೂತಿದ್ದ ತುಳಸವ್ವ ಸೆರಗು ಹೊದ್ದುಕೊಂಡಳು. ಬೇಸಿಗೆಯ ಹಗಲು, ಹಳೇ ಹತ್ತಿ ಜಿನ್ನಿಂಗ್ ಕಾರ್ಖಾನೆಯ ತಗಡು ಕಾದು ಸಿಡಿಯುತ್ತಿತ್ತು. ಆದರೂ ಆಕೆಗೆ ಚಳಿಯಾಯಿತು.

"ಹೆದರಬ್ಯಾಡ್ರಿ ಆಯಿ," ಅಂದಳು ನಸೀಮಾ. "ದೆವ್ವ ಅಲ್ಲ ಇದು."

"ದೆವ್ವ ಆಗಿದ್ರ ಮಾತಾಡಿಸ್ತಿದ್ದೆ ಯವ್ವಾ. ಇದು ಹೊಳ್ಳಿ ಮಾತಾಡೂದಿಲ್ಲಲ್ಲ."

ನಸೀಮಾ ವಿಜ್ಞಾನಿ. ಹುಬ್ಬಳ್ಳಿಯಲ್ಲಿ ಓದಿದವಳು, ಅವಳ ಅಜ್ಜ ಇದೇ ಊರಲ್ಲಿ ಹತ್ತಿ ಹಿಂಜುತ್ತಿದ್ದ. ಅವಳು ಕಂಡುಹಿಡಿದದ್ದು ಹೇಳಿದರೆ ಸರಳ. ಸುಣ್ಣದ ಗಾರೆ ಒಣಗುತ್ತಾ ಗಾಳಿ ಹೀರಿ ಕಲ್ಲಾಗುತ್ತದೆ, ಒಳಗೆ ಕಣ್ಣಿಗೆ ಕಾಣದ ಹರಳು ಕೂಡುತ್ತದೆ. ಆಗ ಹತ್ತಿರದಲ್ಲಿ ಯಾರಾದರೂ ಮಾತಾಡಿದರೆ ದನಿಯ ನಡುಕಕ್ಕೆ ಹರಳಿನ ಸಾಲು ಕದಲುತ್ತದೆ, ಕೆನೆಗಟ್ಟುವ ಹಾಲಿನ ಪಾತ್ರೆ ಅಲುಗಿಸಿದರೆ ಕೆನೆ ಸುಕ್ಕಾಗುವಂತೆ. ತಟ್ಟೆ ಒಂದು ಬಗೆಯ ಬೆಳಕನ್ನು ಒಳಕ್ಕೆ ಬಿಟ್ಟು ಆ ಸುಕ್ಕುಗಳನ್ನು ಓದುತ್ತದೆ, ಓದಿದ್ದನ್ನು ಪೆಟ್ಟಿಗೆ ಮತ್ತೆ ದನಿ ಮಾಡುತ್ತದೆ. ಗಾರೆ ಹಸಿ ಇದ್ದಷ್ಟು ಹೊತ್ತು ಮಾತ್ರ. ಒಣಗಿದ ಮೇಲೆ ಗೋಡೆ ಕಿವುಡು.

ಊರಿನ ಯಾವ ಗೋಡೆಯಲ್ಲೂ ಇಲ್ಲದಷ್ಟು ಗಾರೆ ಈ ಕಾರ್ಖಾನೆಯ ಗೋಡೆಯಲ್ಲಿತ್ತು, ಪದರದ ಮೇಲೆ ಪದರ. ಶಿಸ್ತಿನ ಆಡಳಿತ ಅಂತ ತನ್ನನ್ನು ಕರೆದುಕೊಂಡ ಸರಕಾರ ಇದ್ದಾಗ ಇಲ್ಲಿ ಜನರನ್ನು ತಂದು ಕೂಡಿಹಾಕುತ್ತಿದ್ದರು. ಬಂದವರಿಗೆ ನಂಬರು ಕೊಡುತ್ತಿದ್ದರು. ಸ್ವಂತ ಹೆಸರು ಹೇಳಿದರೆ ಹೊಡೆತ. ಒಳಗಿದ್ದವರು ಉಗುರಿನಿಂದ ಗೋಡೆಯ ಮೇಲೆ ಹೆಸರು ಗೀರುತ್ತಿದ್ದರು. ಅಧಿಕಾರಿಗಳು ಬರುವ ಮುಂಚೆ ಆ ಹೆಸರೆಲ್ಲ ಮುಚ್ಚಲು ಕಾವಲಿನವರು ಗಾರೆ ಮೆತ್ತಿಸುತ್ತಿದ್ದರು. ಹೆಸರು ಅಳಿಸಲಿಕ್ಕೆ ಮೆತ್ತಿದ ಆ ಗಾರೆಯೇ ದನಿ ಹಿಡಿದಿಟ್ಟಿತು.

ತುಳಸವ್ವನ ಗಂಡ ಟೇಲರ್. ಅವನನ್ನು ಒಯ್ದ ದಿನ ಮತದಾನ. ಮಧ್ಯಾಹ್ನಕ್ಕೇ ಬೂತಿನ ಬಾಗಿಲು ಹಾಕಿ, ಎಲ್ಲರ ಮತ ಬಿದ್ದಾವು, ಮನೀಗೆ ಹೋಗ್ರಿ ಅಂದರು. "ನಂದು ಬಿದ್ದಿಲ್ಲಲ್ರೀ," ಅಂತ ಅವನು ಮೆಟ್ಟಿಲ ಮೇಲೆ ಕೂತ. ಸಂಜೆ ಪೊಲೀಸರು ಮನೆಗೆ ಬಂದು ಎಳಕೊಂಡು ಹೋದರು. ತುಳಸವ್ವ ಅಡ್ಡ ನಿಂತಳು, ಪೇದೆ ದೂಡಿದ, ಕುಬಸದ ತೋಳು ಹರಿಯಿತು. ಮರುದಿನ ಠಾಣೆಯಲ್ಲಿ ಅಂದರು: ಯಾರನ್ನೂ ತಂದಿಲ್ಲ, ನಿನ್ನ ಗಂಡ ಓಡಿಹೋಗ್ಯಾನ. ಆಡಳಿತ ಹೋಯಿತು, ಬೇರೆ ಬಂತು, ಕಾಗದದಲ್ಲಿ ಅವನು ಓಡಿಹೋದವನಾಗಿಯೇ ಉಳಿದ. ಬಾವಿಕಟ್ಟೆಯ ಹೆಂಗಸರು ಮುಂಬೈಯಲ್ಲಿ ಅವನಿಗೊಂದು ಸಂಸಾರವನ್ನೂ ಹೂಡಿಕೊಟ್ಟರು. ತುಳಸವ್ವ ಕುಂಕುಮ ಅಳಿಸಲಿಲ್ಲ. ಅವಳಿಗೆ ಬೇಕಾಗಿದ್ದದ್ದು ಒಂದೇ: ಅವನು ಓಡಿಹೋಗಿರಲಿಲ್ಲ ಅಂತ ಯಾರಾದರೂ ಹೇಳಬೇಕು.

"ಈ ಪದರದಾಗ ಒಂದು ಆಟ ಕೇಳತೈತಿ ಆಯಿ," ಅಂದಳು ನಸೀಮಾ. "ಒಡಪಿನಂಗ ಅನಸ್ತು. ಅದರಾಗ ನಿಮ್ಮ ಹೆಸರು ಬಂತು. ಅದಕ್ಕ ಕರೆಸೀನಿ."

ಪೆಟ್ಟಿಗೆಯಲ್ಲಿ ಕದ ತೆರೆದ ಸದ್ದು, ಯಾರೋ ದೊಪ್ಪನೆ ಬಿದ್ದ ಸದ್ದು. ಮತ್ತೆ ಹಲವು ಗಂಡಸರ ಪಿಸುದನಿ: "ಒಡಪು ಹಾಕಿ ಒಳಗ ಬಾರಪಾ ಮದುಮಗನ."

ತುಳಸವ್ವನಿಗೆ ತಿಳಿಯಿತು. ಮದುವೆಯಾದ ಜೋಡಿ ಹೊಸ್ತಿಲಿಗೆ ಬಂದಾಗ ಹೆಂಗಸರು ಬಾಗಿಲು ತಡೆದು ಹೆಸರು ಕೇಳುತ್ತಾರೆ. ಹೆಂಡತಿ ಗಂಡನ ಹೆಸರನ್ನು, ಗಂಡ ಹೆಂಡತಿಯದನ್ನು ಪ್ರಾಸದಲ್ಲಿ ಕಟ್ಟಿ ಒಡಪು ಹೇಳಿದರೇ ಒಳಗೆ ಬಿಡುವುದು. ತಮ್ಮ ಹೆಸರು ಹೇಳುವಂತಿಲ್ಲದ ಗಂಡಸರು ಅಲ್ಲಿ ಹೆಂಡಿರ ಹೆಸರು ಹೇಳುತ್ತಿದ್ದರು. ಕಾವಲಿನವನೂ ಚೇಷ್ಟೆಯೆಂದು ನಕ್ಕದ್ದು ಕೇಳಿಸಿತು.

ಬಿದ್ದವನು ಉಸಿರು ಎಳೆದುಕೊಂಡು ಹೇಳಿದ:

"ಕತ್ರಿ ಕಸಗೊಂಡ್ರು, ಸೂಜಿ ಕಸಗೊಂಡ್ರು, ಬಿಟ್ಟಾರ ಬರೇ ದಾರ,
ಹೊಲ್ಯಾಕ ಹೋಗಬೇಕು, ಹರದೈತಿ ನಮ್ಮ ತುಳಸವ್ವನ ಕುಬಸದ ತೋಳ ಪೂರ."

ಅವಳ ಕೈ ತಾನಾಗಿ ಎಡತೋಳಿಗೆ ಹೋಯಿತು. ಅಲ್ಲಿ ಈಗ ಬೇರೆ ಕುಬಸ. ಎಷ್ಟೋ ವರ್ಷದ ಮಾತು. ಆದರೂ ಹರಿದ ಜಾಗ ಹುಡುಕಿತು.

"ಇನ್ನೂ ಐತಿ," ಅಂದಳು ನಸೀಮಾ ಮೆಲ್ಲಗೆ. "ಬ್ಯಾಡಂದ್ರ ಬಿಡ್ತೀನಿ."

"ಹಚ್ಚವ್ವಾ."

ಇದು ಬೇರೆ ಮೂಲೆಯ ಗಾರೆ, ಒಂದಷ್ಟು ದಿನ ಈಚಿನದು. ಒಳಗೆ ಮಾತು ನಡೆದಿತ್ತು. ನಡುವೆ ಅದೇ ದನಿ, ಈಗ ಸೋತದ್ದು: "ಸುಮ್ನಿರ್ರೋ. ನಮ್ಮಾಕಿ ಹೊಂಟಾಳ."

ಎಲ್ಲರೂ ಸುಮ್ಮನಾದರು. ಗೋಡೆಯಾಚೆಯಿಂದ, ಬೀದಿಯಿಂದ, ಎಳೆಯ ಹೆಣ್ಣುದನಿಯೊಂದು ಬಂತು: "ಮೆಂತೇ ಪಲ್ಲೇ, ಸಬ್ಬಸಗಿ, ರಾಜಗಿರೀ..."

ಅವನು ಹೋದ ಮೇಲೆ ಹೊಟ್ಟೆಪಾಡಿಗೆ ತುಳಸವ್ವ ಬುಟ್ಟಿ ಹೊತ್ತಿದ್ದಳು. ಸಂತೆಗೆ ಹೋಗುವ ದಾರಿ ಇದೇ ಗೋಡೆಯ ಪಕ್ಕದಲ್ಲಿತ್ತು. ದನಿ ಹತ್ತಿರ ಬಂತು, ದಾಟಿತು, ಸಣ್ಣದಾಯಿತು. ಅದು ಪೂರ್ತಿ ಅಡಗುವ ತನಕ ಒಳಗೆ ಒಬ್ಬರೂ ಉಸಿರಾಡಲಿಲ್ಲ.

"ಮ್ಯಾಲಿನ ಪದರದಾಗ?" ಕೇಳಿದಳು ತುಳಸವ್ವ.

ನಸೀಮಾ ತಟ್ಟೆ ಕೆಳಗಿಟ್ಟಳು. "ಮ್ಯಾಲಿನ ಪದರದಾಗ ನಿಮ್ಮ ದನಿ ಐತಿ ಆಯಿ. ಅವರದಿಲ್ಲ."

ಆ ಕಾಲದಲ್ಲಿ ಕಾಣೆಯಾದವರ ಬಗ್ಗೆ ಕೂತಿದ್ದ ವಿಚಾರಣಾ ಆಯೋಗದ ಗುಮಾಸ್ತ ಒಳ್ಳೆಯವನೇ. "ಒಡಪಿನಾಗ ನಿಮ್ಮ ಹೆಸರೈತ್ರಿ, ಅವರದಿಲ್ಲ. ನೀವಾ ಬಾಯಿಬಿಟ್ಟು ಹೇಳಬೇಕಾಗತೈತಿ," ಅಂದ. ಇಷ್ಟು ವರ್ಷ ಕಚೇರಿಗಳಲ್ಲಿ ಗಂಡನ ಹೆಸರನ್ನು ಅವಳ ತಮ್ಮನೇ ಬರೆಸುತ್ತಿದ್ದ. ಗಂಡನ ಹೆಸರು ಹೆಂಡತಿ ಬಾಯಲ್ಲಿ ಬರಬಾರದೆಂದು ಅವಳು ತಲೆ ತಗ್ಗಿಸಿ ನಿಲ್ಲುತ್ತಿದ್ದಳು. ತಮ್ಮ ಈಗಿಲ್ಲ. ತುಳಸವ್ವ ಒಡಪು ಹುಡುಕಿದಳು, ಯಾವುದೂ ಕೂಡಿಬರಲಿಲ್ಲ.

"ಇಠೋಬ," ಅಂದಳು.

ಹೇಳಿದ ಮೇಲೆ, ಯಾರೋ ಕರೆದಂತೆ, ಬಾಗಿಲ ಕಡೆ ನೋಡಿದಳು.

ಗೋಡೆ ಮಾತಾಡಿದ ಸುದ್ದಿ ಹಬ್ಬಿತು. ಊರಲ್ಲಿ ಕೆಲವರು ತಮ್ಮ ಮನೆಯ ಗೋಡೆ ಕೆರೆಸಿಹಾಕಿದರು. ಬೀದಿಯಲ್ಲಿ ಸುಣ್ಣದ ಧೂಳು ಎದ್ದಿತು. ಯಾಕೆಂದು ಯಾರೂ ಯಾರನ್ನೂ ಕೇಳಲಿಲ್ಲ. ಆ ಕಾಲದಲ್ಲಿ ಭಯವಿಲ್ಲದೆ ಓಡಾಡಿದ ಎಷ್ಟೋ ಮಂದಿ ಪಕ್ಕದ ಮನೆಯವರ ಹೆಸರನ್ನು ತಮ್ಮ ಜಗಲಿಯಲ್ಲೇ ಕೂತು ಪೊಲೀಸರಿಗೆ ಹೇಳಿಕೊಟ್ಟಿದ್ದರು.

ಒಂದು ದಿನ ನಸೀಮಾ ತುಳಸವ್ವನ ಮನೆಗೆ ಬಂದು, ಕೊಟ್ಟ ಚಹಾ ಮುಟ್ಟದೆ ಕೂತಳು.

"ಊರ ಹೊರಗ ಸರಕಾರದವರ ಹೊಸಾ ಕಟ್ಟಡ ನೋಡೀರೇನು ಆಯಿ? ಗೋಡೀಗೆ ಗಾರೆ ಇಲ್ಲ. ಎಲ್ಲಾ ಪ್ಲಾಸ್ಟಿಕ್ ಹಲಗಿ. ಅದಕ್ಕ ಯಾವ ದನೀನೂ ಅಂಟೂದಿಲ್ಲ. ಯಾಕ ಹಿಂಗ ಅಂತ ಕೇಳಿದ್ರ, ನಿಮ್ಮ ಯಂತ್ರ ನೋಡೇ ಕಲತ್ವಿ ಅಂದ್ರು."

"ಯಾರನ್ನ ಇಡ್ತಾರಂತ?"

"ಯಾರನ್ನೂ ಇಲ್ಲಂತ."

ತುಳಸವ್ವ ಆರಿದ ಚಹಾದ ಲೋಟ ಎತ್ತಿಕೊಂಡಳು. "ಹೊಸ್ತಿಲಂತೂ ಇರತೈತಲ್ಲ," ಅಂದಳು.

ಈಗ ಆ ಕಟ್ಟಡದ ಗೇಟಿನೆದುರು ಹೆಂಗಸರು ಕೂರುತ್ತಾರೆ, ಪಾಳಿಯ ಮೇಲೆ. ಸೊಪ್ಪು ಸೋಸುತ್ತಾರೆ, ಹರಟೆ ಹೊಡೆಯುತ್ತಾರೆ. ಎಬ್ಬಿಸಿದರೆ ಎದ್ದು, ರಸ್ತೆ ದಾಟಿ, ಮತ್ತೆ ಕೂರುತ್ತಾರೆ. ಮುಚ್ಚಿದ ಗಾಡಿಯೊಂದು ಗೇಟಿಗೆ ಬಂದು ನಿಧಾನವಾದಾಗ ತುಳಸವ್ವ ಮೊಣಕಾಲು ಹಿಡಿದುಕೊಂಡು ಎದ್ದು ನಿಲ್ಲುತ್ತಾಳೆ. ಪಲ್ಲೆ ಮಾರಿ ಪಳಗಿದ ದನಿ, ಗಾಡಿಯ ತಗಡನ್ನು ತೂರಿ ಹೋಗುತ್ತದೆ.

"ಹೆಸರು ಹೇಳಿ ಒಳಗ ಹೋಗ್ರೆಪಾ. ನಾವು ಕೇಳಾಕತ್ತೀವಿ."