ಪವರ್ ಬಟನ್ ಒತ್ತಿದ ಗಳಿಗೆ

ಅರಭಾವಿಯ ತೋಟಗಾರಿಕೆ ಕಾಲೇಜಿನಲ್ಲಿ ಓಂಕಾರ ತೃಪ್ತಿಯನ್ನು ಮೊದಲ ಸಲ ಮಾತಾಡಿಸಿದ್ದೇ ಬೈಯುವ ನೆಪದಲ್ಲಿ.

“ಲ್ಯಾಪ್‌ಟಾಪ್ ಶಟ್‌ಡೌನ್ ಮಾಡದ ಹಂಗ ಮುಚ್ಚಿ ಬ್ಯಾಗಿನ್ಯಾಗ ಹಾಕೀರಲ್ರಿ? ಮುಟ್ಟಿ ನೋಡ್ರಿ, ರೊಟ್ಟಿ ಹಂಚ ಆಗೇತಿ.”

ಮುಟ್ಟಿದಳು. ಬಿಸಿಯಾಗಿತ್ತು. “ಹಂಗಾರ ದಿನಾ ನೀವ ಬಂದ್ ಮಾಡಿ ಕೊಡ್ರಿ,” ಎಂದು ಕಣ್ಣಂಚಿನಲ್ಲಿ ನಕ್ಕಳು.

ದಿನಾ ಬಂದ. ‘ನೀವು’ ಹೋಗಿ ‘ನೀ’ ಆಯಿತು. ಡೌನ್‌ಲೋಡ್ ಮುಚ್ಚಿದೊಡನೆ ಅರ್ಧಕ್ಕೆ ನಿಲ್ಲುತ್ತದೆಂದು ಅವಳು ಗೊಣಗಿದಾಗ, ಮುಚ್ಚಿದರೂ ಲ್ಯಾಪ್‌ಟಾಪ್ ನಡೆಯುತ್ತಲೇ ಇರುವಂತೆ ಸೆಟ್ಟಿಂಗ್ ಬದಲಿಸಿದ.

“ಇನ್ನ ಮುಚ್ಚಿದ್ರ ಬಂದ್ ಆತು ಅಂತ ತಿಳ್ಕೋಬ್ಯಾಡ.”

“ನಿನ್ನಂಗ. ಬಾಯಿ ಮುಚ್ಚಿದ್ರೂ ಒಳಗ ಮಾತು ನಡದ ಇರ್ತೈತಿ.”

ಅವನದು ಕುಲಗೋಡದ ಬೌದ್ಧ ಕುಟುಂಬ. ತಾಯಿ ಗುಡ್ಡವ್ವ ಕಬ್ಬಿನ ಹೊಲಗಳಲ್ಲಿ ದುಡಿದು ಓದಿಸಿದವಳು. ತೃಪ್ತಿಯದು ಹುಕ್ಕೇರಿಯ ಜೈನ ವ್ಯಾಪಾರಿ ಮನೆ.

“ನಾ ನಮ್ಮ ಸುದ್ದಿ ಅವ್ವಗ ಹೇಳೇನಿ. ನೀ?” ಎಂದು ಅವನು ಕೇಳಿದ.

“ಹೇಳ್ತೀನಿ,” ಎನ್ನುತ್ತಲೇ ದೀಪಾವಳಿ ರಜೆ ಬಂತು.

ರಜೆಯಲ್ಲೊಂದು ಮಧ್ಯಾಹ್ನ ವಿಡಿಯೋ ಕಾಲ್. ಪರದೆಯಲ್ಲಿ ಅವನ ಪಕ್ಕ ಕುಳಿತ ಗುಡ್ಡವ್ವ ಕಣ್ಣು ಕಿರಿದಾಗಿಸಿ ನೋಡಿದಳು. “ಯವ್ವಾ, ಎಷ್ಟ ಚಂದ ಅದೀಯ. ಉಂಡಿ ಏನ?”

ತೃಪ್ತಿಯ ಕೋಣೆಯ ಬಾಗಿಲು ತೆರೆಯಿತು. ತಂದೆ ಆಬಾಸಾಹೇಬ. “ಯಾರ ಜೋಡಿ ಮಾತಾಡಾಕತ್ತೀ?”

ಮುಚ್ಚಿದರೆ ದನಿ ಕೇಳುತ್ತಲೇ ಇರುತ್ತದೆ. ಗಾಬರಿಯಲ್ಲಿ ಕಾಲ್ ಕಟ್ ಮಾಡುವುದೂ ಹೊಳೆಯಲಿಲ್ಲ. ಅವಳು ಪವರ್ ಬಟನ್ ಒತ್ತಿ ಹಿಡಿದಳು.

“ಯಾರೂ ಇಲ್ಲ ಪಪ್ಪಾ.”

ಹಾಗೆ ಒತ್ತಿದರೆ ತಟ್ಟನೆ ಆರುವುದಿಲ್ಲ, ನಾಲ್ಕೈದು ಸೆಕೆಂಡು ಬೇಕು. ಅಷ್ಟು ಹೊತ್ತೂ ಗುಡ್ಡವ್ವ ಪರದೆಯಲ್ಲೇ ಇದ್ದಳು. ನಗು ಇನ್ನೂ ಮುಖದ ಮೇಲೇ ಇತ್ತು. ಓಂಕಾರ ತಲೆ ತಗ್ಗಿಸಿದ. ಆಮೇಲೆ ಕಪ್ಪು.

ಕಾಲೇಜು ಶುರುವಾದ ಮೇಲೂ ಅವನು ಅವಳ ಹತ್ತಿರ ಬರಲಿಲ್ಲ. ಶನಿವಾರ ಅವನು ಊರಿಗೆ ಹೊರಟಾಗ ಗೋಕಾಕ ಬಸ್‌ಸ್ಟ್ಯಾಂಡಿನಲ್ಲಿ ಅವಳೇ ಅಡ್ಡ ನಿಂತಳು.

“ಗಾಬರ್ಯಾಗಿ ಹಂಗ ಬಂದ್ ಮಾಡಿದ್ನಿ, ಓಂಕಾರ.”

“ಬಂದ್ ಮಾಡಿದ್ದಕ್ಕ ಸಿಟ್ಟಿಲ್ಲ. ಯಾರೂ ಇಲ್ಲ ಅಂದಿ. ಅವ್ವ ಕೇಳಿದ್ಲು.”

“ಏನಂದ್ರು?”

“ನಿನ್ನ ನೋಡಾಕಂತ ಹೊಸಾ ಸೀರಿ ಉಟ್ಟಿದ್ಲು. ಅದನ್ನ ಕಳದು ಮಡಚಿಟ್ಟು ಹೊಲಕ್ಕ ಹೋದ್ಲು.”

ತೃಪ್ತಿ ಅವನ ಬ್ಯಾಗಿನ ಪಟ್ಟಿ ಹಿಡಿದಳು. “ಇವತ್ತ ಪಪ್ಪಾಗ ಹೇಳ್ತೀನಿ. ಖರೇನ ಹೇಳ್ತೀನಿ.”

ಅವನು ಅವಳ ಮುಖವನ್ನು ಬಹಳ ಹೊತ್ತು ನೋಡಿದ, ಮೊದಲಿನಷ್ಟೇ ಪ್ರೀತಿಯಿಂದ.

“ನಿನ್ನ ಮ್ಯಾಲಿನ ಜೀವ ಹೋಗಿಲ್ಲ, ತೃಪ್ತಿ. ಆದ್ರ ಅವ್ವನ್ನ ಇನ್ನೊಮ್ಮೆ ನಿನ್ನ ಮುಂದ ಕುಂದ್ರಸಾಕ ನನ್ನ ಕೈಲೆ ಆಗೂದಿಲ್ಲ.”

ಕುಲಗೋಡದ ಬಸ್ಸು ಬಂತು. ಅವನು ಹತ್ತಿದ. ಅವಳು ನಿಂತಿದ್ದ ಬದಿಯಲ್ಲಿ ಕಿಟಕಿಯ ಸೀಟು ಖಾಲಿಯಿತ್ತು. ಅವನು ಆಚೆ ಬದಿಗೆ ಹೋಗಿ ಕುಳಿತ.