ಹೂವಿಟ್ಟ ಹೊಸಿಲು

ಏಳು ಗುಡ್ಡ ದಾಟಿದರೆ, ಎಂಟನೆಯದರ ಸೊಂಟದ ಮೇಲೆ ಒಂದು ಊರಿತ್ತಂತೆ. ಆ ಊರಲ್ಲಿ ರಾಜನಿಗಿಂತ ದೊಡ್ಡದೊಂದು ಕಟ್ಟಳೆಯಿತ್ತಂತೆ. ಚೈತ್ರದ ಮೊದಲ ಬೆಳಗ್ಗೆ ಹೆಣ್ಣುಮಕ್ಕಳು ಯಾರ ಹೊಸಿಲಿಗೆ ಹೂವಿಟ್ಟರೂ, ಅವರ ಬುಟ್ಟಿಗೆ ಅಕ್ಕಿ ಬೆಲ್ಲ ಹಾಕುವ ತನಕ ಆ ಮನೆಯವರು ಹೊಸಿಲು ದಾಟುವಂತಿಲ್ಲ. ರಾಜನೇ ಆದರೂ ಒಳಗೇ ಕೂತಿರಬೇಕು.

ಬರೀ ಕಥೆಯ ಊರು ಅಂದುಕೊಳ್ಳಬೇಡಿ. ಹಂಸಿ ಹುಟ್ಟಿದ್ದು ಅಲ್ಲೇ. ಈಗ ಆ ಕುಮಾವೂಂ ಗುಡ್ಡಕ್ಕೂ ರಸ್ತೆ ಬಂದಿದೆ, ದಿನಕ್ಕೆರಡು ಜೀಪು ಓಡುತ್ತವೆ, ಅದರಲ್ಲೊಂದರ ಡ್ರೈವರನ್ನೇ ಹಂಸಿ ಮದುವೆಯಾಗಿದ್ದಾಳೆ.

ಆಗ ಅವಳಿಗೆ ಹತ್ತೊಂಬತ್ತು. ತ್ರಿಲೋಕನ ಜೀಪಿನ ಹಿಂದಿನ ಸೀಟಿನಲ್ಲಿ, ಹಿಟ್ಟಿನ ಮೂಟೆಗಳ ನಡುವೆ ಕೂತು ಕಾಲೇಜಿಗೆ ಹೋಗುತ್ತಿದ್ದಳು. ಅವನು ರಸ್ತೆಗಿಂತ ಹೆಚ್ಚಾಗಿ ಕನ್ನಡಿ ನೋಡುತ್ತಿದ್ದ.

"ಕನ್ನಡಿ ಆ ಕಡೆ ತಿರುಗಿಸಿ, ಡ್ರೈವರ್ ಸಾಹೇಬ್ರೇ. ಇಲ್ಲಾಂದ್ರೆ ಎಲ್ಲರೂ ಕಣಿವೆಗೆ ಬೀಳ್ತೀವಿ," ಅಂದಳು ಒಂದು ದಿನ.

ಅವನು ತಿರುಗಿಸಿದ. ಮುಂದಿನ ತಿರುವಿನಲ್ಲಿ ಕನ್ನಡಿ ಮತ್ತೆ ಅವಳ ಕಡೆಗೇ ಇತ್ತು.

ಹಂಸಿ ಮೇಲಿನ ಕೇರಿಯ ಠಾಕೂರ್ ಗುಮಾನ್ ಸಿಂಗರ ಒಬ್ಬಳೇ ಮಗಳು. ತ್ರಿಲೋಕ ಕೆಳಗಿನ ಕೇರಿಯ ಡೋಲಿನವರ ಮನೆಯವನು. ಎರಡು ಕೇರಿಗಳ ನಡುವೆ ಐವತ್ತೆರಡು ಕಲ್ಲಿನ ಮೆಟ್ಟಿಲು. ಮದುವೆಯ ಸುದ್ದಿ ಕೇಳಿದ ಗುಮಾನ್ ಸಿಂಗ್ ಕೂಗಾಡಲಿಲ್ಲ. ತಮ್ಮ ಮನೆಯ ಒಂದು ಕಾಳು ಅಕ್ಕಿಯೂ ಆ ಮೆಟ್ಟಿಲು ಇಳಿಯುವುದಿಲ್ಲ ಎಂದಷ್ಟೇ ಊರ ಮುಂದೆ ಹೇಳಿ ಬಾಗಿಲು ಹಾಕಿಕೊಂಡರು.

ಮದುವೆಯ ದಿನ ಹಂಸಿ ಅತ್ತದ್ದು ಒಂದೇ ಒಂದು ಮಾತಿಗೆ. ಚೈತ್ರ ಬಂತೆಂದರೆ ಮದುವೆಯಾದ ಹೆಣ್ಣುಮಕ್ಕಳಿಗೆಲ್ಲ ತವರಿನಿಂದ ಭಿಟೌಲಿ ಬರುತ್ತದೆ. ಒಂದಿಷ್ಟು ಅಕ್ಕಿ, ಬೆಲ್ಲ, ಒಂದು ಬಟ್ಟೆ. ನಿನ್ನನ್ನು ಮರೆತಿಲ್ಲ ಎಂದು ಹೇಳಲು ಅಷ್ಟು ಸಾಕು. ತನಗಿನ್ನು ಅದನ್ನು ಯಾರು ತರುತ್ತಾರೆ?

"ನಾನು ತರ್ತೀನಿ," ಅಂದಿದ್ದ ತ್ರಿಲೋಕ. "ನಿನ್ನ ಅಮ್ಮ, ನಿನ್ನ ಇಜಾ ಕೈಯಿಂದ ಬಂದದ್ದನ್ನೇ ತಂದು ನಿನ್ನ ಕೈಗಿಡ್ತೀನಿ."

ಮೊದಲ ಚೈತ್ರದಲ್ಲಿ ಪೇಟೆಯಿಂದ ಸೀರೆ, ಸಿಹಿ ಕೊಂಡುತಂದು, ನಿನ್ನ ಅಮ್ಮ ಗುಟ್ಟಾಗಿ ಕಳಿಸಿದ್ದು ಎಂದು ಸುಳ್ಳು ಹೇಳಿದ. ಡಬ್ಬಿಯ ತಳದಲ್ಲಿ ಅಂಗಡಿಯ ಚೀಟಿ ಹಾಗೇ ಅಂಟಿಕೊಂಡಿತ್ತು. ಹಂಸಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ನಗು ನಿಂತ ಮೇಲೂ ನೀರು ನಿಲ್ಲಲಿಲ್ಲ. ಅಂದಿನಿಂದ ಅವನು ಸುಳ್ಳು ಹೇಳಲಿಲ್ಲ. ಪ್ರತಿ ಚೈತ್ರದ ಕೊನೆಯ ದಿನ ತನ್ನದೇ ಬಾಗಿಲ ಹೊರಗೆ ನಿಂತು, ಎರಡೂ ಖಾಲಿ ಕೈ ತೋರಿಸಿ, "ಮುಂದಿನ ವರ್ಷ" ಅನ್ನುತ್ತಿದ್ದ. ಅವಳು ಆ ಖಾಲಿ ಕೈ ಹಿಡಿದೇ ಒಳಗೆ ಕರೆದುಕೊಳ್ಳುತ್ತಿದ್ದಳು.

ಹೀಗೆ ಆರು ಚೈತ್ರ ಕಳೆದು ಏಳನೆಯದು ಬಂತು. ಗುಡ್ಡದ ತುಂಬ ಬುರಾಂಶ್ ಕೆಂಪಗೆ ಅರಳಿತು. ದೊಡ್ಡ ಮಗಳು ನಂದಾಗೆ ಆರು ತುಂಬಿ ಮುಂದಿನ ಹಲ್ಲೊಂದು ಬಿದ್ದಿತ್ತು. ಚಿಕ್ಕವಳು ಚುನ್ನಿ ಇನ್ನೂ ಗೋಡೆ ಹಿಡಿದೇ ನಡೆಯುತ್ತಿದ್ದಳು. ಗೋಡೆ ಮುಗಿದಲ್ಲಿ ದೊಪ್ಪನೆ ಕೂತು, ಗೋಡೆಯದೇ ತಪ್ಪು ಎನ್ನುವಂತೆ ಅದನ್ನು ಗುರಾಯಿಸುತ್ತಿದ್ದಳು.

ನಂದಾಗೆ ಇದು ಮೊದಲ ಹೂಬುಟ್ಟಿ. ಕೆಳಗಿನ ಕೇರಿಯ ಹುಡುಗಿಯರು ಕೆಳಗಿನ ಕೇರಿಯಲ್ಲೇ ಹೂವಿಟ್ಟು ಬರುವುದು ವಾಡಿಕೆ. ಹಾಗೆಂದು ಯಾರೂ ಬರೆದಿಟ್ಟಿಲ್ಲ, ಎಲ್ಲರಿಗೂ ಗೊತ್ತು ಅಷ್ಟೇ. ಆರು ವರ್ಷದವಳಿಗೆ ಮಾತ್ರ ಗೊತ್ತಿರಲಿಲ್ಲ. "ಇಜಾ, ಮೇಲಿನ ಆಮಾ ಮನೇಗೂ ಹೂವಿಡೋಣ್ವಾ?" ಎಂದು ಅಜ್ಜಿಯ ಮನೆಯತ್ತ ಕೈತೋರಿಸಿ ಕೇಳಿದಳು.

ಹಂಸಿಯ ಕೈಯ ಸೌಟು ನಿಂತಿತು.

ತ್ರಿಲೋಕ ಬೇಡವೆಂದ. ಅವನ ಅಜ್ಜ ಚೈತ್ರವಿಡೀ ಮೇಲಿನ ಕೇರಿಯ ಮನೆಮನೆಯ ಮುಂದೆ ಡೋಲು ಬಾರಿಸಿ ಹಾಡಿ, ದೂರದಿಂದ ಸುರಿದ ಧಾನ್ಯಕ್ಕೆ ಬಟ್ಟೆಯೊಡ್ಡಿ ನಿಲ್ಲುತ್ತಿದ್ದುದನ್ನು ಅವನು ಕಂಡಿದ್ದ. ತನ್ನ ಮಕ್ಕಳು ಯಾರ ಬಾಗಿಲಲ್ಲೂ ಬುಟ್ಟಿಯೊಡ್ಡಿ ನಿಲ್ಲಬಾರದು.

"ಒಡ್ಡೋಕೆ ಅಲ್ಲ, ಕೊಡೋಕೆ ಹೋಗೋದು," ಅಂದಳು ಹಂಸಿ. "ತಗೊಂಡವರು ಸುಮ್ನಿರೋ ಹಾಗಿಲ್ಲ. ಅದು ಅವರ ಕಷ್ಟ."

ಅವನು ಅವಳನ್ನೇ ನೋಡಿದ. ಹಿಂದೊಮ್ಮೆ ಕನ್ನಡಿಯಲ್ಲಿ ನೋಡುತ್ತಿದ್ದ ಹಾಗೆ. ಆಮೇಲೆ ಚುನ್ನಿಯನ್ನು ಎತ್ತಿಕೊಂಡು, ತಾನು ಜೀಪಿನ ಹತ್ತಿರವೇ ಇರುತ್ತೇನೆಂದ.

ಅಮ್ಮ ಮಗಳು ಮೆಟ್ಟಿಲು ಹತ್ತಿದರು. ಅರ್ಧದಲ್ಲಿ ಮೇಲಿನ ಕೇರಿಯ ಹೆಂಗಸೊಬ್ಬಳು ಹುಲ್ಲಿನ ಹೊರೆ ಇಳಿಸಿ ಸೊಂಟಕ್ಕೆ ಕೈಯಿಟ್ಟಳು. "ಡೋಲಿನವರ ಮಕ್ಕಳು ಮೇಲೆ ಬಂದು ಹೂವಿಡೋದು ಯಾವಾಗಿಂದ?"

"ಇವತ್ತಿಂದ, ಕಾಕಿ," ಅಂದಳು ಹಂಸಿ, ನಿಲ್ಲದೆ.

ತವರಿನ ಅಂಗಳದ ಮೋಟುಗೋಡೆಯ ಬಳಿ ಅವಳ ಕಾಲು ತಾನಾಗಿಯೇ ನಿಂತಿತು. ನಂದಾ ಒಬ್ಬಳೇ ಒಳಗೆ ಹೋಗಿ, ತೆರೆದ ಬಾಗಿಲ ಹೊಸಿಲ ಮೇಲೆ ಬುರಾಂಶ್ ಹೂಗಳನ್ನು ಒಂದೊಂದಾಗಿ, ಹೋಮ್‌ವರ್ಕ್ ಬರೆಯುವ ಶ್ರದ್ಧೆಯಿಂದ ಸಾಲಾಗಿ ಇಟ್ಟಳು. ಕೊನೆಯ ಹೂವಿಡುವಾಗ ಎದುರಿಗೆ ಒಂದು ಪಾದ ಕಂಡಿತು. ಎಮ್ಮೆಯ ಹಾಲು ಕರೆಯಲು ಹೊರಟಿದ್ದ ಗುಮಾನ್ ಸಿಂಗರು, ಕೈಯಲ್ಲಿ ಪಾತ್ರೆ, ಎತ್ತಿದ ಕಾಲು ಹೊಸಿಲ ಮೇಲೆ.

ಆ ಕಾಲು ಗಾಳಿಯಲ್ಲೇ ನಿಂತಿತು. ಹೂವು ನೋಡಿತು, ಮಗುವನ್ನು ನೋಡಿತು, ಗೋಡೆಯಾಚೆಗಿನ ಮಗಳನ್ನು ನೋಡಿತು. ನಿಧಾನಕ್ಕೆ ಒಳಗೆ ಹೋಯಿತು.

ಕೊಟ್ಟಿಗೆಯಲ್ಲಿ ಎಮ್ಮೆ ಕೂಗಿತು.

ಅಕ್ಕಿ ಕೊಟ್ಟರೆ ಊರ ಮುಂದೆ ಆಡಿದ ಮಾತು ಹೋಗುತ್ತದೆ. ಕೊಡದೆ ದಾಟಿದರೆ ಊರ ಕಟ್ಟಳೆ ಮುರಿಯುತ್ತದೆ. ಗುಮಾನ್ ಸಿಂಗರು ಪಾತ್ರೆಯನ್ನು ತೊಡೆಯ ಮೇಲಿಟ್ಟುಕೊಂಡು ಮಂಚದ ಅಂಚಿಗೆ ಕೂತರು. ಅಕ್ಕಪಕ್ಕದ ಗೋಡೆಗಳ ಮೇಲೆ ತಲೆಗಳು ಎದ್ದವು. ಹಿಂದಿನ ಕಿಟಕಿಯಿಂದ ಇಳಿಯಿರಿ ಎಂದು ಯಾರೋ ಸಲಹೆಯನ್ನೂ ಕೊಟ್ಟರು. ಅರವತ್ತೈದರ ಠಾಕೂರರು ಕಿಟಕಿ ಹಾರುವುದುಂಟೇ? ಎಮ್ಮೆ ಮತ್ತೆ ಕೂಗಿತು. ಹೆಂಡತಿ ಬಾಗಿಲ ಬಳಿ ಬಂದು, ಸೆರಗನ್ನು ಬಾಯಿಗೊತ್ತಿಕೊಂಡು ನಿಂತಳು.

"ಇಜಾ, ಕಾಲು ನೋಯ್ತಿದೆ," ಅಂದಳು ನಂದಾ.

"ಕೂತ್ಕೋ. ನಿನ್ನ ಬುಬು ಕೂತಿಲ್ವಾ?"

ಮಗಳು ಅಜ್ಜನ ಎದುರಿಗೇ ಅಂಗಳದ ನಡುವೆ ಚಕ್ಕಳಮಕ್ಕಳ ಹಾಕಿ ಕೂತಳು. ಹಂಸಿ ಗೋಡೆಯ ಮೇಲೆ ಬೆನ್ನು ನೆಟ್ಟಗೆ ಮಾಡಿ ಕೂತಳು. ಇವತ್ತು ಈ ಬುಟ್ಟಿ ಖಾಲಿ ಇಳಿದರೆ ಇನ್ನೆಂದೂ ಈ ಮೆಟ್ಟಿಲು ಹತ್ತಲಾರಳು. ಮಕ್ಕಳೂ ಹತ್ತಲಾರರು.

ಪಕ್ಕದಲ್ಲಿ ಪೆಟ್ರೋಲಿನ ವಾಸನೆ ಬಂತು. ತ್ರಿಲೋಕ, ಕಂಕುಳಲ್ಲಿ ಚುನ್ನಿ.

"ಬೇಡೋಕೆ ಬಂದ್ರಾ, ಡ್ರೈವರ್ ಸಾಹೇಬ್ರೇ?" ತುಟಿಯಷ್ಟೇ ಅಲುಗಿಸಿ ಕೇಳಿದಳು.

"ಇಲ್ಲ. ಹೆಂಡ್ತಿ ಪಕ್ಕ ಕೂರೋಕೆ ಬಂದೆ."

ಕೂತ. ಹಿರಿಯರೆದುರು ಗಂಡ ಹೆಂಡತಿ ಒಂದು ಮಾರು ದೂರ ಇರುವ ಊರದು. ಅವನ ಭುಜ ಅವಳ ಭುಜಕ್ಕೆ ತಾಗಿತು. ಮೇಲಿನ ಕೇರಿಯಿಡೀ ನೋಡಿತು. ಅವಳು ಸರಿಯಲಿಲ್ಲ.

ಚುನ್ನಿಯನ್ನು ಇಳಿಸಿದಾಗ ಅವಳು ಗೋಡೆ ಹಿಡಿದು ನಿಂತಳು. ಗೋಡೆಯುದ್ದಕ್ಕೂ ಸರಿಯುತ್ತ ಅಂಗಳದ ಬಾಯಿಯವರೆಗೆ ಹೋದಳು. ಅಲ್ಲಿ ಗೋಡೆ ಮುಗಿಯಿತು. ಈ ಸಲ ಕೂರಲಿಲ್ಲ. ಬಾಗಿಲಲ್ಲಿ ನಿಂತ ಮುದುಕಿಯ ಮೂಗಿನಲ್ಲಿ ದೊಡ್ಡ ನತ್ತು ಬಿಸಿಲಿಗೆ ಹೊಳೆಯುತ್ತಿತ್ತು. ಅದನ್ನೇ ನೋಡುತ್ತ ಕೈ ಬಿಟ್ಟಳು. ಒಂದು ಹೆಜ್ಜೆ ಇಟ್ಟಳು. ಇನ್ನೊಂದು. ಎದ್ದುಹೋಗಲಿದ್ದ ತ್ರಿಲೋಕನ ತೋಳನ್ನು ಹಂಸಿ ಗಟ್ಟಿಯಾಗಿ ಹಿಡಿದಳು. ಏಳು ಹೆಜ್ಜೆ, ಎಂಟು. ಹೊಸಿಲ ಮುಂದೆ ಬಂದು ಮುಗ್ಗರಿಸಿದಳು.

ಎರಡು ಮುದಿ ಕೈಗಳು ಹೂವಿನ ಮೇಲಿಂದ ಹೊರಗೆ ಚಾಚಿ ಅವಳನ್ನು ಬಾಚಿಕೊಂಡವು.

ಚುನ್ನಿ ನತ್ತು ಹಿಡಿದಳು. ಅಜ್ಜಿ ಬಿಡಿಸಿಕೊಳ್ಳಲಿಲ್ಲ, ಗಂಡನನ್ನೂ ಕೇಳಲಿಲ್ಲ. ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡೇ ಒಳಕೋಣೆಗೆ ಹೋದಳು. ಅಕ್ಕಿಯ ಕಣಜದ ಮುಚ್ಚಳ ತೆರೆದ ಸದ್ದಾಯಿತು, ಆಮೇಲೆ ಹಳೆಯ ಟ್ರಂಕಿನದು. ಬರುವಾಗ ಕೈಯಲ್ಲಿ ಒಂದು ಗಂಟಿತ್ತು. ಅದನ್ನು ನಂದಾಳ ಬುಟ್ಟಿಗೆ ಇಟ್ಟಾಗ ಹುಡುಗಿ ಎರಡೂ ತೋಳಲ್ಲಿ ಅಪ್ಪಿ ಹಿಡಿಯಬೇಕಾಯಿತು. ಹೂವಿಗೆ ಕೊಡುವುದು ಒಂದು ಹಿಡಿ. ಇದು ಒಂದು ಹಿಡಿಯಲ್ಲವೆಂದು ಇಡೀ ಕೇರಿಗೆ ಕಂಡಿತು.

ಗುಮಾನ್ ಸಿಂಗರಿಗೂ ಕಂಡಿತು. ಎದ್ದರು. ಗಂಟು ನೋಡಿದರು, ಪಾತ್ರೆ ನೋಡಿದರು. ಗಂಟಲು ಸರಿಮಾಡಿಕೊಂಡು ಹೆಂಡತಿಗೆ ಹೇಳಿದರು:

"ಮುಂದಿನ ವರ್ಷ ಎಮ್ಮೆ ಕರೆದ ಮೇಲೆ ಬರೋಕೆ ಹೇಳು."

ಒಂದು ಎಸಳೂ ತುಳಿಯದ ಹಾಗೆ ಕಾಲೆತ್ತಿ ಹೊಸಿಲು ದಾಟಿದರು.

ಮೆಟ್ಟಿಲಿಳಿಯುವಾಗ ನಂದಾ, ಆಮಾ ತನ್ನ ಕಿವಿಯಲ್ಲಿ ಹೇಳಿಕಳಿಸಿದ್ದನ್ನು ಒಪ್ಪಿಸಿದಳು. ಗಂಟಿನಲ್ಲಿರುವ ರವಿಕೆಯ ಎರಡೂ ಪಕ್ಕದಲ್ಲಿ ಬಟ್ಟೆ ಒಳಗೆ ಬಿಟ್ಟಿದೆಯಂತೆ, ಬಿಚ್ಚಿ ಅಗಲ ಮಾಡಿಕೊಳ್ಳಬಹುದಂತೆ.

ಮನೆ ತಲುಪಿ ಹಂಸಿ ಮಕ್ಕಳ ಜೊತೆ ಒಳಗೆ ಹೋದಳು. ಗಂಟು ಹಿಡಿದ ತ್ರಿಲೋಕ ಪ್ರತಿ ವರ್ಷದ ಹಾಗೆ ಬಾಗಿಲ ಹೊರಗೇ ನಿಂತ.

"ಭಿಟೌಲಿ ಬಂದಿದೆ. ಮನೆಯೋರು ಇದಾರಾ?"

ಅವಳು ಹೊಸಿಲ ಮೇಲೇ ಕೂತು ಗಂಟು ಬಿಚ್ಚಿದಳು. ಅಕ್ಕಿ, ಬೆಲ್ಲ, ಮಡಿಕೆಯುದ್ದಕ್ಕೂ ಬಣ್ಣ ಮಾಸಿದ ಒಂದು ಹಸಿರು ರವಿಕೆ. ಹತ್ತೊಂಬತ್ತರ ಹಂಸಿಯ ಅಳತೆಗೆ, ಮೊದಲ ಚೈತ್ರಕ್ಕೇ ಹೊಲಿಸಿಟ್ಟದ್ದು. ಬೆಲ್ಲ ಮುರಿದು ಮೊದಲು ಅವನ ಬಾಯಿಗಿಟ್ಟಳು.

"ಏಳು ವರ್ಷ ತಗೊಂಡ್ರಿ, ಡ್ರೈವರ್ ಸಾಹೇಬ್ರೇ."

"ರಸ್ತೆ ಕೆಟ್ಟದಿತ್ತು," ಅಂದ ಅವನು, ಬಾಯಿ ತುಂಬ ಬೆಲ್ಲ.

ಹಂಸಿ ನಗುತ್ತಲೇ ಮೆಟ್ಟಿಲಿಳಿದು ಬಂದ ಆ ಹಸಿ ಅಕ್ಕಿಯ ಒಂದು ಚಿಟಿಕೆಯನ್ನು ಬಾಯಿಗೆ ಹಾಕಿಕೊಂಡಳು, ಅವನ ಕಣ್ಣನ್ನೇ ನೋಡುತ್ತ ನಿಧಾನವಾಗಿ ಅಗಿದಳು.