ವೀಣೆಯ ಹಾಡೂ ಒಂದು ಪಾವು ಬೀಜವೂ

೧೯೫೯ನೇ ಇಸವಿ ಜೂನ್ ೨೦, ಶನಿವಾರ, ಸಂಜೆ ಆರು ಗಂಟೆ ಹದಿನೈದು ನಿಮಿಷ. ಮಿಡಿಗೇಶಿಯ ಪಂಚಾಯ್ತಿ ರೇಡಿಯೋ ಎರಡು ಸಲ ಗೊರಗುಟ್ಟಿ, ಕೊಳಲನ್ನು ಕುರಿತ ಹಳೆಯ ಹಾಡೊಂದನ್ನು ಶುರುಮಾಡಿತು. ಕಟ್ಟೆಯ ಮೇಲೆ ಕೂತಿದ್ದ ಗಂಗಲಕ್ಷ್ಮಿಯ ಎದೆ ಮಾತ್ರ ತಮಟೆ ಬಾರಿಸುತ್ತಿತ್ತು.

"ನಾನೇನ್ ಹೇಳ್ಲಜ್ಜಿ?" ಎಂದು ಪಿಸುಗುಟ್ಟಿದಳು.

"ಮೊದ್ಲು ಕೇಳಮ್ಮಿ. ಕೈ ನಿಲ್ಲಿಸ್ಬ್ಯಾಡ," ಎಂದಳು ಅಜ್ಜಿ ಚಿಕ್ಕಹನುಮಕ್ಕ.

ಬಿತ್ತನೆ ಹತ್ತಿರ ಬಂತೆಂದರೆ ಆ ಊರಿನಲ್ಲಿ ಯಾರೂ ಬರಿಗೈಯಲ್ಲಿ ಕೂತು ರೇಡಿಯೋ ಕೇಳುವುದಿಲ್ಲ. ಎಲ್ಲರ ಮುಂದೆಯೂ ಒಂದೊಂದು ಮೊರ, ಮೊರದ ತುಂಬ ಕಡಲೇಕಾಯಿ. ಚಟ್, ಚಟ್ ಎಂದು ಸುಲಿಯಬೇಕು. ಬೀಜ ಒಡೆಯಬಾರದು, ತಿನ್ನಲಂತೂ ಬಾರದು. ರೇಡಿಯೋ ಆಫ್ ಆಗುವುದರೊಳಗೆ ಗಂಗಿಯ ಪಾಲಿಗೆ ಒಂದು ಪಾವು ತುಂಬಬೇಕು. ಅದು ಅಜ್ಜಿಯ ಲೆಕ್ಕ.

ರುದ್ರಯ್ಯ ಮೇಷ್ಟ್ರ ಲೆಕ್ಕ ಬೇರೆ. ಪ್ರತಿ ಶನಿವಾರ ವಾದ್ಯಗಳನ್ನು ಕುರಿತ ಹಾಡುಗಳು ಮುಗಿದ ಮೇಲೆ, ಯಾರಿಗೆ ಏನನ್ನಿಸಿತು ಎಂದು ಹೇಳಬೇಕು. ಹೋದ ವಾರ ತನ್ನ ಕ್ಲಾಸಿನ ಇಸಾಕ್ ಹೇಳಿದ್ದನ್ನೇ ಗಂಗಿ ಒಂದಕ್ಷರ ಬಿಡದೆ ಒಪ್ಪಿಸಿದ್ದಳು. ಕಟ್ಟೆಗೆ ಕಟ್ಟೆಯೇ ನಕ್ಕಿತ್ತು. ಅವತ್ತಿನಿಂದ ಸ್ಕೂಲಿನಲ್ಲಿ ಅವಳ ಹೆಸರು 'ಗ್ರಾಮಾಫೋನ್ ಪ್ಲೇಟು'.

ಇವತ್ತು ಸ್ವಂತದ್ದೇ ಹೇಳಬೇಕು. 'ಕೊಳಲು ಇಂಪಾಗಿತ್ತು' ಅನ್ನಲೇ? ಅದನ್ನು ಎಲ್ಲರೂ ಅನ್ನುತ್ತಾರೆ. ಅಷ್ಟರಲ್ಲಿ ಮದ್ದಳೆಯ ಹಾಡು ಬಂತು. 'ಮದ್ದಳೆ ಜೋರಾಗಿತ್ತು' ಅನ್ನಲೇ? ಥೂ! ಕಾಲು ಮಡಿಚಿದಳು, ಚಾಚಿದಳು, ಮತ್ತೆ ಮಡಿಚಿದಳು.

ಮೂರನೆಯದು ವೀಣೆಯ ಹಾಡು. ವೀಣೆಯನ್ನು ಅವಳು ನೋಡಿದ್ದು ಸ್ಕೂಲಿನ ಸರಸ್ವತಿ ಪಟದಲ್ಲಿ ಮಾತ್ರ. ಹಾಡಿನಲ್ಲಿ, ನುಡಿಸುವವರಿಲ್ಲದ ವೀಣೆಯೊಂದು ಮೂಲೆಯಲ್ಲಿತ್ತು. ಕಿಟಕಿಯಿಂದ ಗಾಳಿ ಬಂದಾಗ ಒಂದೇ ಒಂದು ತಂತಿ ತನ್ನಷ್ಟಕ್ಕೆ ಮಿಡಿಯುತ್ತಿತ್ತು...

ಟಕ್! ಮೇಷ್ಟ್ರು ರೇಡಿಯೋ ಆರಿಸಿದರು.

"ಕೊಳಲಿನ ಹಾಡ್ಗೆ ನಮ್ಮೆಮ್ಮೇನೂ ತಲೆ ಆಡುಸ್ತಿತ್ತು ಸ್ವಾಮಿ," ಎಂದ ಕಟ್ಟೆಯ ತುದಿಯಲ್ಲಿದ್ದ ರೈತ ಬೈರಪ್ಪ.

"ನಿಮ್ಮೆಮ್ಮೆ ಮನೇಲಿದೆಯಲ್ಲಯ್ಯ?" ಎಂದರು ಮೇಷ್ಟ್ರು.

"ಅಲ್ಲಿಗೂ ಕೇಳುಸ್ತದೆ. ಅಂಗೆ ಅರಚ್ಕಂತದಲ್ಲ ನಿಮ್ ರೇಡಿಯೋ!"

ನಗು ಅಡಗಿದ ಮೇಲೆ ಇಸಾಕ್ ಎದ್ದ. "ನಮ್ ಅಬ್ಬಾ ಕಲಾಯಿ ಹಾಕೋಕೆ ಮುಂಚೆ ಪಾತ್ರೆ ತಟ್ತಾರಲ್ಲ ಸಾ, ಮದ್ದಳೆ ಹಾಡು ಅಂಗೇ ಇತ್ತು." ಕೂರುತ್ತಾ ಗಂಗಿಯ ಕಡೆ ಬಗ್ಗಿದ. "ಲೇ ಪ್ಲೇಟು, ಇದ್ನೂ ಹಾಡ್ತೀಯಾ?"

"ಗಂಗಲಕ್ಷ್ಮಿ, ನೀನು?" ಎಂದರು ಮೇಷ್ಟ್ರು.

ಗಂಗಿ ಎದ್ದಳು. "ನಂಗೆ... ನಂಗೇನೂ ಅನ್ನಿಸ್ಲಿಲ್ಲ ಸಾ."

ಅಜ್ಜಿ ಆಗಲೇ ಅವಳ ಬೀಜವನ್ನು ಪಾವಿಗೆ ಸುರಿಯುತ್ತಿದ್ದಳು. "ಇದ್ಯಾಕಮ್ಮಿ, ತುಂಬ್ಲೇ ಇಲ್ಲ?"

"ತಿಂದವ್ಳೆ ಅಜ್ಜಿ!" ಎಂದ ಇಸಾಕ್.

"ಇಲ್ಲ ಕಣೋ! ನಾನ್ ತಿಂದಿಲ್ಲ!" ಗಂಗಿಯ ಕಣ್ಣು ತುಂಬಿತು.

ಅಜ್ಜಿ ಮೊರ ಕೊಡವಿದಳು. ಸಿಪ್ಪೆಯ ಅಡಿಯಲ್ಲಿ ಸುಲಿಯದ ಕಾಯಿ ಹಾಗೇ ಉಳಿದಿದ್ದವು. "ತಿಂದಿಲ್ಲ ಬುಡ್ಲಾ. ಸುಲ್ದೇ ಇಲ್ಲ ಇವ್ಳು. ಯಾಕಮ್ಮಿ, ಕೈ ನೋಯ್ತಿತ್ತಾ?"

ಗಂಗಿ ತನ್ನ ಬಲಗೈ ನೋಡಿಕೊಂಡಳು. ಮುಷ್ಟಿ ಇನ್ನೂ ಬಿಗಿದೇ ಇತ್ತು. ಬಿಚ್ಚಿದರೆ ಒಳಗೆ ಒಂದು ಕಡಲೇಕಾಯಿ, ಬೆವರಿಗೆ ಒದ್ದೆಯಾಗಿತ್ತು. ಇದನ್ನು ಎತ್ತಿಕೊಂಡದ್ದು ಯಾವಾಗ? ಹಾಡಿನಲ್ಲಿ ಗಾಳಿ ಕಿಟಕಿಯಿಂದ ಬಂದಾಗ. ಒತ್ತಿದರೆ ಚಟ್ ಎನ್ನುತ್ತದೆ, ಆ ತಂತಿಯ ಸದ್ದು ಕೇಳದೆ ಹೋಗುತ್ತದೆ ಎಂದು ಹಾಗೇ ಹಿಡಿದಿದ್ದಳು. ಆಮೇಲೆ ಮರೆತೇಬಿಟ್ಟಿದ್ದಳು.

"ಸಾ," ಎಂದಳು, ಮೆಲ್ಲಗೆ. "ವೀಣೆ ಹಾಡು ಬಂದಾಗ ನನ್ ಕೈ ನಿಂತೋಗಿತ್ತು."

ಬೈರಪ್ಪ ಸುಲಿಯುತ್ತಿದ್ದ ಕಾಯನ್ನು ಒತ್ತದೆ ಹಿಡಿದುಕೊಂಡ. ಇಸಾಕ್ ಬಗ್ಗಿ ಪಾವಿನೊಳಗೆ ಇಣುಕಿದ.

"ಎಷ್ಟೈತೆ ಅಜ್ಜಿ?" ಎಂದು ಕೇಳಿದಳು ಗಂಗಿ. ಈ ಸಲ ದನಿ ಗಟ್ಟಿಯಾಗಿತ್ತು.

ಅಜ್ಜಿ ಪಾವನ್ನು ಒಮ್ಮೆ ಕುಲುಕಿ, ಬೆರಳಿನಿಂದ ಬೀಜ ಸಮ ಮಾಡಿ ನೋಡಿದಳು. ಮುಕ್ಕಾಲು ಪಾವು.